ಹೊಸ ಕಾಂಪೌಂಡ್ ಬಿಲ್ಲು ಮೈಗೆ ಹೊಂದುತ್ತಿಲ್ಲವೇ? ಡ್ರಾ ಲೆಂತ್, ಲೆಟ್-ಆಫ್ ದೋಷ ಹುಡುಕುವ ಬಗೆ

ಪುಣೆಯಲ್ಲಿ ಹೊಸದಾಗಿ ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಚಕ್ರ ಇರುವ ಬಿಲ್ಲು) ಕೊಂಡವರಿಂದ ನಾನು ಹೆಚ್ಚಾಗಿ ಕೇಳುವ ಮಾತು ಇದು: "ಅಣ್ಣಾರ, ಇದರ ಲೆಟ್-ಆಫ್ ಸರಿ ಇಲ್ರಿ. ಕೈ ನಡಗ್ತಾವ. ಸ್ವಲ್ಪ ಜಾಸ್ತಿ ಮಾಡಿಕೊಡ್ರಿ." ಎಳೆದು ನಿಂತಾಗ ಕೈ ಮೇಲಿನ ಭಾರ ಇಳಿಯುವುದಕ್ಕೆ ಲೆಟ್-ಆಫ್ ಅನ್ನುತ್ತಾರೆ. ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದು ಚಿಂಚವಾಡ, ಹಿಂಜವಡಿ, ಹಡಪಸರದಲ್ಲಿ ನೆಲೆಸಿದ ನಮ್ಮವರು ಭಾನುವಾರ ಬೆಳಗ್ಗೆ ಬಿಲ್ಲಿನ ಕೇಸ್ ಹಿಡಿದು ಬರುತ್ತಾರೆ. ನೋಡಿದರೆ ಬಹಳ ಸಲ ಬಿಲ್ಲಿನಲ್ಲಿ ಏನೂ ಕೆಟ್ಟಿರುವುದಿಲ್ಲ. ಅದರ ಅಳತೆ ಬೇರೆಯವರದ್ದು, ಅಷ್ಟೇ. ಕಾರ್ಖಾನೆಯಿಂದ ಬಂದ ಅಳತೆ, ಇಲ್ಲವೇ ಮೊದಲು ಬಳಸಿದವರ ಅಳತೆ. ಅಳತೆ ತಪ್ಪಿದ ಬಿಲ್ಲಿನಲ್ಲಿ ಲೆಟ್-ಆಫ್ ಎಷ್ಟು ತಿದ್ದಿದರೂ ಕೈ ನಿಲ್ಲುವುದಿಲ್ಲ.

ಆದ್ದರಿಂದ ಮೊದಲು ಡ್ರಾ ಲೆಂತ್ ನೋಡೋಣ, ಆಮೇಲೆ ಲೆಟ್-ಆಫ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ.

ಮೊದಲು ಇಷ್ಟು ತಿಳಿದಿರಲಿ

ಹೆದೆಯನ್ನು ಪೂರ್ತಿ ಎಳೆದಾಗ ಬಿಲ್ಲು ಎಷ್ಟು ಉದ್ದಕ್ಕೆ ಬಂದು ನಿಲ್ಲುತ್ತದೋ ಅದೇ ಡ್ರಾ ಲೆಂತ್. ಪೂರ್ತಿ ಎಳೆದ ಸ್ಥಿತಿಯಲ್ಲಿ, ಬಾಣದ ಹಿಂತುದಿಯ ನಾಕ್‌ನಲ್ಲಿ ಹೆದೆ ಕೂರುವ ಸೀಳಿನಿಂದ, ಬಿಲ್ಲನ್ನು ಹಿಡಿಯುವ ಗ್ರಿಪ್‌ನ ಅತಿ ಆಳದ ಜಾಗದವರೆಗೆ ಅಳೆದು, ಅದಕ್ಕೆ 1.75 ಇಂಚು ಸೇರಿಸಬೇಕು. ಉದಾಹರಣೆಗೆ ಅಳತೆ 26.25 ಇಂಚು ಬಂದರೆ ಡ್ರಾ ಲೆಂತ್ 28. ಚಕ್ರವಿಲ್ಲದ ರಿಕರ್ವ್ ಬಿಲ್ಲಿನಲ್ಲಿ ನಿಮ್ಮ ಮೈ ಎಲ್ಲಿ ನಿಲ್ಲುತ್ತದೋ ಅಲ್ಲೇ ಹೆದೆಯೂ ನಿಲ್ಲುತ್ತದೆ. ಕಾಂಪೌಂಡ್‌ನಲ್ಲಿ ಹಾಗಲ್ಲ. ತುದಿಯ ಚಕ್ರ, ಅಂದರೆ ಕ್ಯಾಮ್, ಸ್ಟಾಪ್ ಅಥವಾ ಡ್ರಾ ಸ್ಟಾಪ್ ಅನ್ನುವ ತಡೆಯಿಂದ ನಿಂತ ಮೇಲೆ ಹೆದೆ ಮುಂದೆ ಹೋಗುವುದಿಲ್ಲ. ಆ ಗಟ್ಟಿ ಕೊನೆಗೆ ವಾಲ್ ಅನ್ನುತ್ತಾರೆ. ವಾಲ್ ತಪ್ಪು ಜಾಗದಲ್ಲಿದ್ದರೆ ನಿಮ್ಮ ಕುತ್ತಿಗೆ, ಭುಜ, ಮೊಣಕೈ ಎಲ್ಲವೂ ಅದಕ್ಕೆ ತಕ್ಕ ಹಾಗೆ ಸೊಟ್ಟಗಾಗುತ್ತವೆ.

ಎಳೆಯುವಾಗಿನ ಪೂರ್ತಿ ತೂಕದಲ್ಲಿ ಕೊನೆಗೆ ಎಷ್ಟು ಪಾಲು ಇಳಿಯುತ್ತದೆ ಅನ್ನುವುದು ಲೆಟ್-ಆಫ್. ಅಮೆರಿಕದ ಮಿಸೌರಿಯ ಹೋಲೆಸ್ ವಿಲ್ಬರ್ ಆಲೆನ್ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಬಿಲ್ಲಿನ ಜೀವಾಳವೇ ಇದು. ನಡುವಿನಿಂದ ಸರಿದ ಅಚ್ಚಿನ ಮೇಲೆ ಚಕ್ರ ತಿರುಗಿ, ಕೊನೆಯಲ್ಲಿ ಭಾರ ಇಳಿಯುತ್ತದೆ. ಈಗಿನ ಬಿಲ್ಲುಗಳಲ್ಲಿ ಲೆಟ್-ಆಫ್ ಸಾಮಾನ್ಯವಾಗಿ ಶೇ. 65ರಿಂದ 90ರವರೆಗೆ ಇರುತ್ತದೆ. 50 ಪೌಂಡ್ ಬಿಲ್ಲಿಗೆ ಲೆಟ್-ಆಫ್ ಶೇ. 65 ಇದ್ದರೆ ನೀವು ಗುರಿ ಹಿಡಿದು ನಿಂತಾಗ ಕೈ ಮೇಲೆ 17.5 ಪೌಂಡ್ ಇರುತ್ತದೆ. ಶೇ. 75 ಇದ್ದರೆ 12.5, ಶೇ. 85 ಇದ್ದರೆ ಬರೀ 7.5. ಹಿಡಿದು ನಿಲ್ಲುವ ಈ ತೂಕಕ್ಕೆ ಹೋಲ್ಡಿಂಗ್ ವೇಟ್ ಅನ್ನುತ್ತಾರೆ. ಮುಂದೆ ಈ ಮಾತು ಬಹಳ ಸಲ ಬರುತ್ತದೆ.

ಕೈ ಹಾಕುವ ಮುನ್ನ

ಬಾಣವಿಲ್ಲದೆ ಹೆದೆ ಬಿಡಲೇಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಪೂರ್ತಿ ಲಿಂಬ್ (ಬಿಲ್ಲಿನ ಬಾಗುವ ತೋಳು), ಕ್ಯಾಮ್, ಕ್ಯಾಮ್‌ಗಳಿಗೆ ಕಟ್ಟಿದ ಕೇಬಲ್‌ಗಳಿಗೆ ಹೊಡೆಯುತ್ತದೆ. ಲಿಂಬ್ ಸೀಳಬಹುದು, ಕ್ಯಾಮ್ ಬಾಗಬಹುದು, ಹೆದೆ ಹಾರಿ ಮುಖಕ್ಕೆ ಬಡಿಯಬಹುದು. ಸ್ನೇಹಿತರು "ಒಂದ್ಸಲ ಎಳೆದು ನೋಡ್ತೀನಿ" ಅಂದಾಗ ಬಿಲ್ಲು ಕೊಡಬೇಡಿ. ಎಳೆದು ನೋಡುವುದಿದ್ದರೆ ಬಾಣ ಹಾಕಿ, ಬಟ್ರೆಸ್‌ಗೆ (ಬಾಣ ನಾಟುವ ಗುರಿಯ ದಿಮ್ಮಿ) ಎದುರಾಗಿ, ಐದು ಮೀಟರ್‌ಗಿಂತ ಹತ್ತಿರ ನಿಂತು ಎಳೆಯಿರಿ. ಹೆದೆ ಹಿಡಿದು ಬಿಡುವ ಸಾಧನದ (ರಿಲೀಸ್) ಟ್ರಿಗರ್‌ನಿಂದ ಬೆರಳು ದೂರ ಇರಲಿ.

ಸೊಸೈಟಿಯ ಪಾರ್ಕಿಂಗ್, ಟೆರೇಸ್ ಬೇಡವೇ ಬೇಡ. ಈ ಬಿಲ್ಲುಗಳಿಂದ ಬಾಣ ಸೆಕೆಂಡಿಗೆ 75ರಿಂದ 90 ಮೀಟರ್ ವೇಗದಲ್ಲಿ ಹೋಗುತ್ತದೆ. ಅಳತೆ ಸರಿ ಮಾಡುವ ದಿನವೇ ಕೈ ತಪ್ಪುವ ಸಂಭವ ಜಾಸ್ತಿ.

ಕ್ಯಾಮ್, ಹೆದೆ, ಕೇಬಲ್ ಬಿಚ್ಚಬೇಕಾದರೆ ಬೋ ಪ್ರೆಸ್ ಬೇಕು. ಲಿಂಬ್‌ಗಳನ್ನು ಒತ್ತಿ ಹಿಡಿದು ಹೆದೆಯ ಬಿಗಿ ಕಳೆಯುವ ಯಂತ್ರ ಅದು. ಅದಿಲ್ಲದೆ ಈ ಮೂರನ್ನು ಮುಟ್ಟಬೇಡಿ. ಆದರೆ ಕ್ಯಾಮ್ ಮೇಲೆ ಕೂತಿರುವ ಮಾಡ್ಯೂಲ್ ಅನ್ನುವ ಸಣ್ಣ ತುಂಡನ್ನು ಬಹಳ ಬಿಲ್ಲುಗಳಲ್ಲಿ ಪ್ರೆಸ್ ಇಲ್ಲದೆ ತಿರುಗಿಸಬಹುದು ಅಥವಾ ಬದಲಿಸಬಹುದು. ನಿಮ್ಮ ಬಿಲ್ಲಿನಲ್ಲಿ ಆಗುತ್ತದೋ ಇಲ್ಲವೋ ಅನ್ನುವುದು ಅದರ ಕೈಪಿಡಿಯಲ್ಲಿ ಇರುತ್ತದೆ. ಕೈಪಿಡಿ ಇಲ್ಲದಿದ್ದರೆ ಕಂಪನಿಯ ಜಾಲತಾಣದಿಂದ ಇಳಿಸಿಕೊಳ್ಳಿ. ಅದನ್ನು ಓದದೆ ಸ್ಕ್ರೂ ಮುಟ್ಟಬೇಡಿ.

ಅಲೆನ್ ಕೀ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಸ್ಕ್ರೂಗಳು ಹಾಳಾಗುವುದು ಬಹುತೇಕ ಇದರಿಂದಲೇ. ಅಮೆರಿಕದಲ್ಲಿ ಮಾಡಿದ ಬಿಲ್ಲುಗಳ ಸ್ಕ್ರೂ ಇಂಚಿನ ಅಳತೆಯವು. ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವುದು ಮಿಲಿಮೀಟರ್ ಸೆಟ್. 5/32 ಇಂಚಿನ ಸ್ಕ್ರೂಗೆ 4 ಮಿ.ಮೀ. ಕೀ ಹೆಚ್ಚು ಕಡಿಮೆ ಸರಿಹೋಗುತ್ತದೆ. ಆದರೆ 3/16 ಇಂಚು ಅಂದರೆ 4.76 ಮಿ.ಮೀ. ಅದಕ್ಕೆ 5ರ ಕೀ ಒಳಗೆ ಹೋಗುವುದಿಲ್ಲ, 4.5ರದ್ದು ಸಡಿಲ. 7/64 ಅಂದರೆ 2.78 ಮಿ.ಮೀ. ಅಲ್ಲಿ 2.5 ಹಾಕಿ ತಿರುಗಿಸಿದರೆ ಸ್ಕ್ರೂವಿನ ಮೂಲೆಗಳು ಸವೆದು ಗುಂಡಗಾಗುತ್ತವೆ. ಆಮೇಲೆ ಮಾಡ್ಯೂಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪುಣೆಯ ಬೋಹ್ರಿ ಆಳಿಯಲ್ಲಿ, ಮುಂಬೈನ ನಾಗದೇವಿ ಸ್ಟ್ರೀಟ್‌ನಲ್ಲಿ "ಇಂಚಿನ ಅಲೆನ್ ಕೀ ಸೆಟ್" ಅಂತಲೇ ಕೇಳಿ ತನ್ನಿ. ಬಿಲ್ಲಿನ ಬೆಲೆ ಮುಂದೆ ಅದರ ಬೆಲೆ ಏನೂ ಅಲ್ಲ.

ಇನ್ನೊಂದು ಕೆಲಸ. ಕ್ಯಾಮ್ ಎರಡರದ್ದೂ ಹತ್ತಿರದಿಂದ ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಈಗ ಮಾಡ್ಯೂಲ್ ಯಾವ ಅಕ್ಷರದ ಮೇಲಿದೆ, ಸ್ಟಾಪ್ ಯಾವ ಗುರುತಿನ ಮೇಲಿದೆ ಅನ್ನುವುದು ಸ್ಪಷ್ಟವಾಗಿ ಕಾಣಲಿ. ಏನಾದರೂ ತಪ್ಪಿದರೆ ವಾಪಸ್ ಬರಲು ಅದೇ ದಾರಿ.

ಬಿಲ್ಲು ಎಳೆಯೋಕೇ ಆಗುತ್ತಿಲ್ಲ

ಹೆದೆ ಅರ್ಧ ದಾರಿಯಲ್ಲೇ ಸಿಕ್ಕಿಕೊಂಡ ಹಾಗಾಗುತ್ತದೆ, ಬಿಲ್ಲನ್ನು ಆಕಾಶಕ್ಕೆ ಎತ್ತಿ ಜಗ್ಗಿದರೆ ಮಾತ್ರ ಬರುತ್ತದೆ. ಹೀಗಿದ್ದರೆ ಡ್ರಾ ಲೆಂತ್, ಲೆಟ್-ಆಫ್ ಎರಡನ್ನೂ ಬಿಡಿ. ಎಳೆಯುವ ತೂಕ ಜಾಸ್ತಿ ಆಗಿದೆ. ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಗುರಿಯ ನೇರಕ್ಕೆ ಹಿಡಿದು, ನಿಧಾನವಾಗಿ ಎಳೆಯಲು ಬರಬೇಕು. ಬರದಿದ್ದರೆ ಮೇಲಿನ ಮತ್ತು ಕೆಳಗಿನ ಲಿಂಬ್ ಬೋಲ್ಟ್‌ಗಳನ್ನು ಸಮನಾಗಿ ಸಡಿಲಿಸಿ. ಮೇಲೆ ಅರ್ಧ ಸುತ್ತು ಆದರೆ ಕೆಳಗೂ ಅರ್ಧ ಸುತ್ತು. ಬೋಲ್ಟ್‌ಗೆ ಲಾಕ್ ಸ್ಕ್ರೂ ಇದ್ದರೆ ಮೊದಲು ಅದನ್ನು ಸಡಿಲಿಸಬೇಕು, ಮುಗಿದ ಮೇಲೆ ಬಿಗಿ ಮಾಡಬೇಕು. ಎಷ್ಟು ಸುತ್ತಿನವರೆಗೆ ಬಿಡಬಹುದು ಅಂತ ಕೈಪಿಡಿ ಹೇಳುತ್ತದೆ. ಅದನ್ನು ಮೀರಿದರೆ ಬೋಲ್ಟ್ ಕಿತ್ತು ಬಂದು ಬಿಲ್ಲು ಸಿಡಿಯುತ್ತದೆ. ಕೊನೆಯವರೆಗೆ ಬಿಟ್ಟರೂ ಭಾರ ಅನ್ನಿಸಿದರೆ ಆ ಲಿಂಬ್‌ಗಳೇ ನಿಮಗಲ್ಲ.

ಹೆದೆ ಮುಂಗೈಗೆ ಬಡಿಯುತ್ತದೆ, ತಲೆ ಹಿಂದಕ್ಕೆ ವಾಲುತ್ತದೆ

ಡ್ರಾ ಲೆಂತ್ ಉದ್ದ ಆಗಿರುವುದರ ಗುರುತು ಇದು. ಇದರ ಜೊತೆಗೆ ಸಾಮಾನ್ಯವಾಗಿ ಇನ್ನೂ ಕೆಲವು ಕಾಣುತ್ತವೆ. ಎಳೆದ ಕೈ ದವಡೆ ದಾಟಿ ಕಿವಿಯ ಹಿಂದೆ ಹೋಗುತ್ತದೆ. ಬಿಲ್ಲು ಹಿಡಿದ ಕೈಯ ಮೊಣಕೈ ಪೂರ್ತಿ ಸೆಟೆದು ನಿಲ್ಲುತ್ತದೆ. ಸೊಂಟದಿಂದ ಮೇಲಿನ ಮೈ ಹಿಂದಕ್ಕೆ ಬಾಗುತ್ತದೆ. ಹೆದೆ ಮುಖಕ್ಕೆ ಒತ್ತುವುದರಿಂದ ಬಾಣಗಳು ಎಡಕ್ಕೂ ಬಲಕ್ಕೂ ಹರಡುತ್ತವೆ. ಗುರಿ ನೋಡುವ ಸೈಟ್‌ನ ಪಿನ್ ನಡುಗುವುದಿಲ್ಲ, ಆದರೆ ನಿಧಾನವಾಗಿ ಅತ್ತಿಂದಿತ್ತ ತೇಲುತ್ತದೆ.

ಸ್ಕ್ರೂ ಮುಟ್ಟುವ ಮೊದಲು ಖರ್ಚಿಲ್ಲದ ಮೂರು ಪರೀಕ್ಷೆ ಇವೆ.

ಒಂದು, ಗ್ರಿಪ್. ಬಿಲ್ಲನ್ನು ಮುಷ್ಟಿ ಕಟ್ಟಿ ಹಿಡಿದರೆ ಉದ್ದ ಸರಿ ಇದ್ದರೂ ಹೆದೆ ಮುಂಗೈಗೆ ಬಡಿಯುತ್ತದೆ. ಗ್ರಿಪ್ ಹೆಬ್ಬೆರಳಿನ ಬುಡದ ಮಾಂಸದ ಮೇಲೆ ಕೂರಬೇಕು, ಬೆರಳ ಗೆಣ್ಣುಗಳು ಸುಮಾರು 45 ಡಿಗ್ರಿ ಓರೆಯಲ್ಲಿ ಇರಬೇಕು. ಮೊಣಕೈಯ ಒಳಭಾಗ ಆಕಾಶ ನೋಡದೆ ಪಕ್ಕಕ್ಕೆ ತಿರುಗಿರಬೇಕು. ಇಷ್ಟು ಸರಿ ಮಾಡಿದ ಕೂಡಲೇ ಮುಂಗೈ ಪೆಟ್ಟು ನಿಂತರೆ ದೋಷ ಬಿಲ್ಲಿನದ್ದಲ್ಲ.

ಎರಡು, ರಿಲೀಸ್‌ನ ಪಟ್ಟಿ. ಮಣಿಕಟ್ಟಿಗೆ ಕಟ್ಟುವ ರಿಲೀಸ್ ಆದರೆ ಅದರ ಉದ್ದವನ್ನು ಹೆಚ್ಚು ಕಡಿಮೆ ಮಾಡಬಹುದು. ಟ್ರಿಗರ್ ಬೆರಳ ತುದಿಗೆ ಮಾತ್ರ ಸಿಗುತ್ತಿದ್ದರೆ ಪಟ್ಟಿ ಉದ್ದವಾಗಿದೆ. ಅದನ್ನು ಗಿಡ್ಡ ಮಾಡಿ, ಬೆರಳಿನ ನಡು ಗೆಣ್ಣಿನ ಹತ್ತಿರ ಟ್ರಿಗರ್ ಬರುವ ಹಾಗೆ ಇಟ್ಟುಕೊಳ್ಳಿ. ಕೈ ಎಲ್ಲಿ ನಿಲ್ಲುತ್ತದೆ ಅನ್ನುವುದು ಇಷ್ಟರಲ್ಲೇ ಬದಲಾಗುತ್ತದೆ. ಮಣಿಕಟ್ಟಿನ ರಿಲೀಸ್ ಬಿಟ್ಟು ಕೈಯಲ್ಲಿ ಹಿಡಿಯುವ ರಿಲೀಸ್‌ಗೆ ಬಂದವರಿಗೂ ಇದೇ ಮಾತು. ರಿಲೀಸ್ ಬದಲಾದರೆ ಕೈ ನಿಲ್ಲುವ ಜಾಗವೂ ಬದಲು. ಹಳೆಯ ಡ್ರಾ ಲೆಂತ್ ಸರಿ ಬರುತ್ತದೆ ಅಂತ ಅಂದುಕೊಳ್ಳಬೇಡಿ.

ಮೂರು, ಫೋಟೋ. ಭುಜದ ಎತ್ತರಕ್ಕೆ ಮೊಬೈಲ್ ಹಿಡಿದು, ಪಕ್ಕದಿಂದ, ಪೂರ್ತಿ ಎಳೆದು ನಿಂತಾಗ ತೆಗೆಸಿಕೊಳ್ಳಿ. ಬೆನ್ನು ನೇರ ಇರಬೇಕು. ತಲೆ ನೆಟ್ಟಗಿರಬೇಕು. ಹೆದೆ ಮೂಗಿನ ತುದಿಗೂ ಬಾಯಿಯ ಮೂಲೆಗೂ ಹಗುರವಾಗಿ ತಾಗಬೇಕು. ಎಳೆದ ಕೈಯ ಮೊಣಕೈ ಬಾಣದ ಗೆರೆಯ ನೇರದಲ್ಲೋ ಒಂಚೂರು ಮೇಲೋ ಇರಬೇಕು. ಫೋಟೋ ಸುಳ್ಳು ಹೇಳುವುದಿಲ್ಲ. ಎಳೆದು ನಿಂತಾಗ ನಮಗೆ ನಾವು ನೇರವಾಗಿಯೇ ಇದ್ದೇವೆ ಅನ್ನಿಸುತ್ತದೆ.

ಈ ಮೂರೂ ಸರಿ ಇದ್ದು ಗುರುತುಗಳು ಹಾಗೇ ಉಳಿದರೆ ಅಳತೆ ಟೇಪ್ ತೆಗೆಯಿರಿ. ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ, ನಡು ಬೆರಳಿನ ತುದಿಯಿಂದ ತುದಿಗೆ ಅಳೆಸಿಕೊಳ್ಳಿ. ಅದನ್ನು 2.5ರಿಂದ ಭಾಗಿಸಿ. 168 ಸೆಂ.ಮೀ. ಬಂದರೆ 67.2 ಸೆಂ.ಮೀ., ಅಂದರೆ ಸುಮಾರು 26.5 ಇಂಚು. ಇದು ಹುಡುಕಾಟ ಶುರು ಮಾಡುವ ಜಾಗ ಮಾತ್ರ. ಕುತ್ತಿಗೆಯ ಉದ್ದ, ಭುಜದ ಅಗಲ, ರಿಲೀಸ್‌ನ ಬಗೆ ಸೇರಿ ಅರ್ಧ ಇಂಚು ಆಚೀಚೆ ಆಗುವುದು ಮಾಮೂಲು. ಆದರೆ ಲೆಕ್ಕ 26.5 ಹೇಳುವಾಗ ಬಿಲ್ಲು 29ರಲ್ಲಿ ಕೂತಿದ್ದರೆ ಇನ್ನು ಹುಡುಕುವುದು ಏನೂ ಉಳಿದಿಲ್ಲ, ಅಲ್ವಾ?

ಈಗ ಮಾಡ್ಯೂಲ್. ತಿರುಗುವ ಮಾಡ್ಯೂಲ್ ಆದರೆ ಅದರ ಮೇಲೆ ಅಕ್ಷರ ಅಥವಾ ಅಂಕಿ ಇರುತ್ತದೆ. ಯಾವ ಗುರುತಿಗೆ ಎಷ್ಟು ಇಂಚು ಅನ್ನುವ ಪಟ್ಟಿ ಕೈಪಿಡಿಯಲ್ಲಿರುತ್ತದೆ. ಬಹಳ ಬಿಲ್ಲುಗಳಲ್ಲಿ ಒಂದು ಮೆಟ್ಟಿಲಿಗೆ ಅರ್ಧ ಇಂಚು. ಒಂದೇ ಮೆಟ್ಟಿಲು ಇಳಿಸಿ. ಕ್ಯಾಮ್ ಎರಡಿದ್ದು ಎರಡಕ್ಕೂ ಮಾಡ್ಯೂಲ್ ಇದ್ದರೆ ಮೇಲಿನದ್ದೂ ಕೆಳಗಿನದ್ದೂ ಒಂದೇ ಗುರುತಿನಲ್ಲಿ ಇರಲೇಬೇಕು. ಸ್ಕ್ರೂ ಬಿಗಿ ಆಗಲಿ, ಆದರೆ ಮೈಬಲ ಎಲ್ಲ ಹಾಕಬೇಡಿ. ಕ್ಯಾಮ್ ಅಲ್ಯೂಮಿನಿಯಂ, ಅದರ ಎಳೆ ಬೇಗ ಹರಿಯುತ್ತದೆ.

ಮಾಡ್ಯೂಲ್ ಸರಿಸಿದ ಮೇಲೆ ಡ್ರಾ ಸ್ಟಾಪ್ ಅನ್ನೂ ಅದಕ್ಕೆ ತಕ್ಕ ಗುರುತಿಗೆ ಸರಿಸಬೇಕು. ಇದನ್ನು ಮರೆಯುವವರು ಬಹಳ. ಮರೆತರೆ ಏನಾಗುತ್ತದೆ ಅನ್ನುವುದನ್ನು ಕೆಳಗೆ ಬರೆದಿದ್ದೇನೆ.

ಮೊಣಕೈ ಬಾಗಿಯೇ ಇರುತ್ತದೆ, ಪಿನ್ ಪಟಪಟ ನಡುಗುತ್ತದೆ

ಇದು ಉದ್ದ ಕಡಿಮೆ ಆಗಿರುವ ಲಕ್ಷಣ. ಎಳೆದ ಕೈ ಗಲ್ಲದ ಮುಂದೆಯೇ ನಿಲ್ಲುತ್ತದೆ. ಹೆದೆ ಮೂಗಿಗೆ ಸಿಗುವುದಿಲ್ಲ, ಅದನ್ನು ಹುಡುಕಿಕೊಂಡು ತಲೆ ಮುಂದಕ್ಕೆ ಹೋಗುತ್ತದೆ. ಭಾರ ಬೆನ್ನಿಗೆ ಹೋಗದೆ ತೋಳಿನಲ್ಲೇ ಉಳಿಯುತ್ತದೆ. ಪಿನ್ ಗುರಿಯ ಸುತ್ತ ಸಣ್ಣದಾಗಿ, ಬೇಗ ಬೇಗ ಕಂಪಿಸುತ್ತದೆ. "ಲೆಟ್-ಆಫ್ ಸಾಲದು" ಅಂತ ಜನ ದೂರುವುದು ಮುಖ್ಯವಾಗಿ ಇಲ್ಲೇ. ಅರ್ಧ ಇಂಚು ಉದ್ದ ಮಾಡಿದರೆ ಅದೇ ತೂಕ ಹಗುರ ಅನ್ನಿಸುತ್ತದೆ, ಯಾಕೆಂದರೆ ಹೊರುವ ಸ್ನಾಯು ಬದಲಾಗಿರುತ್ತದೆ.

ಪರೀಕ್ಷೆಯ ಕ್ರಮ ಮೇಲಿನದ್ದೇ. ರಿಲೀಸ್ ಪಟ್ಟಿ, ಫೋಟೋ, ಟೇಪ್, ಕೊನೆಗೆ ಮಾಡ್ಯೂಲ್. ಉದ್ದ ಮಾಡುವಾಗ ಎರಡು ಎಚ್ಚರಿಕೆ ಹೆಚ್ಚು. ಮೊದಲನೆಯದು, ಬಾಣ ಸಾಕಷ್ಟು ಉದ್ದ ಇದೆಯೇ ನೋಡಿ. ಪೂರ್ತಿ ಎಳೆದಾಗ ಬಾಣದ ತುದಿ, ಬಿಲ್ಲಿನಲ್ಲಿ ಅದು ಕೂರುವ ರೆಸ್ಟ್‌ನಿಂದ ಹಿಂದಕ್ಕೆ ಬಂದರೆ ಬಾಣ ಕೆಳಗೆ ಬಿದ್ದು ನಿಮ್ಮ ಕೈಗೇ ನಾಟಬಹುದು. ರೆಸ್ಟ್ ದಾಟಿ ಒಂದು ಇಂಚಾದರೂ ಮುಂದೆ ಇರಲಿ. ಎರಡನೆಯದು, ಉದ್ದ ಹೆಚ್ಚಿದರೆ ಎಳೆಯುವ ತೂಕವೂ ಸ್ವಲ್ಪ ಏರಬಹುದು. ವಿಶ್ವ ಬಿಲ್ಲುಗಾರಿಕೆ ಸಂಸ್ಥೆಯ ನಿಯಮದಂತೆ ಕಾಂಪೌಂಡ್‌ಗೆ ಗರಿಷ್ಠ 60 ಪೌಂಡ್. ಸ್ಪರ್ಧೆಗೆ ಹೋಗುವವರು ಮತ್ತೆ ತೂಗಿ ನೋಡಬೇಕು.

ಬೆಳೆಯುವ ಮಕ್ಕಳಲ್ಲಿ ಈ ದೋಷ ತಾನಾಗಿಯೇ ಬರುತ್ತದೆ. ಸಾತಾರಾದ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ವಿಶ್ವ ಚಾಂಪಿಯನ್ ಆದಾಗ ಅವರಿಗೆ 17 ವರ್ಷ. ಅದೇ ಕೂಟದಲ್ಲಿ ಪುರುಷರ ಪಟ್ಟ ನಾಗಪುರದ ಓಜಸ್ ದೇವತಳೆ ಅವರದ್ದು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ನಮ್ಮ ಮಕ್ಕಳೂ ಚಿಕ್ಕ ವಯಸ್ಸಿನಲ್ಲೇ ಕಾಂಪೌಂಡ್ ಹಿಡಿಯುತ್ತಿರುವುದು ನೋಡಿದರೆ ಖುಷಿಯಾಗುತ್ತದೆ. ಆದರೆ ಕಳೆದ ವರ್ಷ ಇಟ್ಟ ಅಳತೆಯಲ್ಲೇ ಈ ವರ್ಷವೂ ಹೊಡೆಸಬೇಡಿ. ಎರಡು ಮೂರು ತಿಂಗಳಿಗೊಮ್ಮೆ ತೋಳು ಅಳೆಯಿರಿ. ಮಗು "ಕೈ ನಡಗ್ತದಪ್ಪಾ" ಅಂದರೆ ಗದರಿಸುವ ಮೊದಲು ಟೇಪ್ ಹಿಡಿಯಿರಿ.

ಎಳೆದು ನಿಂತಾಗ ಬಿಲ್ಲು ಮುಂದಕ್ಕೆ ಜಗ್ಗಿಕೊಂಡು ಹೋಗುತ್ತದೆ

ಗುರಿ ಹಿಡಿದಿರುತ್ತೀರಿ. ಕೈ ಒಂಚೂರು ಸಡಿಲ ಆದ ಕೂಡಲೇ ಬಿಲ್ಲು ಹೆದೆಯನ್ನು ಕಿತ್ತುಕೊಳ್ಳುತ್ತದೆ, ಭುಜಕ್ಕೆ ಜೋಲಿ ಹೊಡೆಯುತ್ತದೆ. ವಾಲ್‌ಗೆ ಮೊದಲು ಭಾರ ಇಳಿದಿರುವ ಸಣ್ಣ ಜಾಗಕ್ಕೆ ವ್ಯಾಲಿ ಅನ್ನುತ್ತಾರೆ. ನೀವು ಆ ಜಾಗದಿಂದ ಮುಂದಕ್ಕೆ ಜಾರಿದ್ದೀರಿ.

ಮೊದಲು ನೋಡಬೇಕಾದ್ದು ಅಭ್ಯಾಸ. ವಾಲ್‌ಗೆ ತಾಗಿದ ಮೇಲೂ ಬೆನ್ನಿನಿಂದ ಎಳೆತ ನಿಲ್ಲಬಾರದು. ಹೊಸಬರು "ಬಂತು" ಅಂದುಕೊಂಡು ಸುಮ್ನೆ ನಿಂತುಬಿಡುತ್ತಾರೆ. ಡ್ರಾ ಲೆಂತ್ ಉದ್ದ ಇದ್ದವರಿಗೂ ಹೀಗಾಗುತ್ತದೆ. ಬೆನ್ನಿನ ಸ್ನಾಯು ಆಗಲೇ ತನ್ನ ಕೊನೆ ಮುಟ್ಟಿರುತ್ತದೆ, ಇನ್ನು ಎಳೆಯಲು ಜಾಗ ಇರುವುದಿಲ್ಲ. ಉದ್ದ ಸರಿ ಮಾಡಿಕೊಳ್ಳದೆ ಈ ದೋಷವನ್ನು ಲೆಟ್-ಆಫ್ ತಲೆ ಮೇಲೆ ಹಾಕಬೇಡಿ.

ಉದ್ದ ಬದಲಿಸಿದ ಮರುದಿನದಿಂದ ಇದು ಶುರುವಾಗಿದ್ದರೆ ಕಾರಣ ಬೇರೆ. ಮಾಡ್ಯೂಲ್ ಹೊಸ ಗುರುತಿಗೆ ಹೋಗಿದೆ, ಡ್ರಾ ಸ್ಟಾಪ್ ಹಳೆಯ ಗುರುತಿನಲ್ಲೇ ಉಳಿದಿದೆ. ಉದ್ದ ಮಾಡಿ ಸ್ಟಾಪ್ ಸರಿಸದಿದ್ದರೆ ಕ್ಯಾಮ್ ವ್ಯಾಲಿಗೆ ಬರುವ ಮೊದಲೇ ಸ್ಟಾಪ್ ತಾಗುತ್ತದೆ. ಭಾರ ಪೂರ್ತಿ ಇಳಿಯುವುದೇ ಇಲ್ಲ. ಬಿಲ್ಲಿನ ಮೇಲೆ ಶೇ. 80 ಅಂತ ಬರೆದಿದ್ದರೂ ಕೈಗೆ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ. ಗಿಡ್ಡ ಮಾಡಿ ಸ್ಟಾಪ್ ಸರಿಸದಿದ್ದರೆ ಉಲ್ಟಾ ಆಗುತ್ತದೆ. ಕ್ಯಾಮ್ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತದೆ, ವಾಲ್ ಮೆತ್ತಗಾಗುತ್ತದೆ. ಇದು ಅಪಾಯದ ಸ್ಥಿತಿ. ಸ್ಟಾಪ್ ಬಿಚ್ಚಿಟ್ಟು ಬಿಲ್ಲು ಎಳೆಯಲೇಬಾರದು ಅನ್ನುವುದೂ ಇದೇ ಕಾರಣಕ್ಕೆ.

ಅನುಮಾನ ಇದ್ದರೆ ತೂಗಿ ನೋಡಿ. ಪ್ರಯಾಣದ ಸೂಟ್‌ಕೇಸ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ ಸಾಕು. ಅದನ್ನು ಭದ್ರವಾದ ಕೊಂಡಿಗೆ ನೇತುಹಾಕಿ, ಹೆದೆಯ ಮೇಲೆ ರಿಲೀಸ್ ಸಿಕ್ಕಿಸುವ ಸಣ್ಣ ಕುಣಿಕೆಗೆ (ಡಿ-ಲೂಪ್) ಕೊಕ್ಕೆ ಸಿಕ್ಕಿಸಿ, ಗ್ರಿಪ್ ಹಿಡಿದು ನಿಧಾನವಾಗಿ ಕೆಳಗೆ ಎಳೆಯಿರಿ. ಅತಿ ಹೆಚ್ಚು ಎಷ್ಟು ಬಂತು, ಕೊನೆಗೆ ಎಷ್ಟಕ್ಕೆ ಇಳಿಯಿತು ಅಂತ ಜೊತೆಗಿದ್ದವರು ಬರೆದುಕೊಳ್ಳಲಿ. 22.7 ಕೆ.ಜಿ. ವರೆಗೆ ಏರಿ 5.7ಕ್ಕೆ ಇಳಿದರೆ ಲೆಟ್-ಆಫ್ ಶೇ. 75. ಒಬ್ಬರೇ ಇದ್ದಾಗ ಇದನ್ನು ಮಾಡಬೇಡಿ. ಕೊಕ್ಕೆ ಜಾರಿದರೆ ಬಾಣವಿಲ್ಲದೆ ಹೆದೆ ಬಿಟ್ಟ ಹಾಗೆಯೇ. ಡಿ-ಲೂಪ್ ಸವೆದು ನೂಲು ಎದ್ದಿದ್ದರೆ ಅದನ್ನು ಬದಲಿಸುವ ತನಕ ತೂಗುವುದೂ ಬೇಡ, ಹೊಡೆಯುವುದೂ ಬೇಡ.

ಎಳೆದು ನಿಂತಾಗ ಏನೂ ಭಾರವಿಲ್ಲ, ಆದರೂ ಗುರಿ ನಿಲ್ಲುವುದಿಲ್ಲ

ಜನ ನಂಬಲು ಹಿಂಜರಿಯುವ ದೋಷ ಇದು. ಲೆಟ್-ಆಫ್ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಬೇಟೆಗೆ ಅಂತ ಮಾಡಿದ ಬಿಲ್ಲುಗಳಲ್ಲಿ ಶೇ. 85, 90 ಇಟ್ಟಿರುವುದು ಎಳೆದು ಬಹಳ ಹೊತ್ತು ಕಾಯಬೇಕು ಅಂತ. ನಾವು ಇಲ್ಲಿ ಹೊಡೆಯುವುದು 50 ಮೀಟರ್ ದೂರದ 80 ಸೆಂ.ಮೀ. ಗುರಿಗೆ. ಕೈ ಮೇಲೆ ಐದಾರು ಪೌಂಡ್ ಮಾತ್ರ ಉಳಿದಾಗ ಬಿಲ್ಲು ಎರಡು ಕೈಗಳ ನಡುವೆ ಬಿಗಿಯಾಗಿ ನಿಲ್ಲುವುದಿಲ್ಲ. ಸಡಿಲ ಕಟ್ಟಿದ ಬಟ್ಟೆ ಒಣಗಿಸುವ ಹಗ್ಗದ ಹಾಗೆ ಸಣ್ಣ ಗಾಳಿಗೂ ಅಲ್ಲಾಡುತ್ತದೆ. ಗ್ರಿಪ್‌ನಲ್ಲಿ ಮಣಿಕಟ್ಟು ಕೂದಲೆಳೆ ತಿರುಗಿದರೂ ಬಾಣ ಪಕ್ಕಕ್ಕೆ ಹೋಗುತ್ತದೆ. ಬೆನ್ನಿನ ಬಲದಿಂದ ಬಿಡುವ ರಿಲೀಸ್ ಆದರೆ ಅದು ಬೇಗ ಬಿಡುವುದೂ ಇಲ್ಲ.

ಇಲ್ಲಿ ಲೆಟ್-ಆಫ್ ಇಳಿಸಬೇಕು. ಕೆಲವು ಬಿಲ್ಲುಗಳಲ್ಲಿ ಇದಕ್ಕೆ ಬೇರೆ ಮಾಡ್ಯೂಲ್ ಸಿಗುತ್ತದೆ. ಕೆಲವುಗಳಲ್ಲಿ ಡ್ರಾ ಸ್ಟಾಪ್ ಅನ್ನು ಒಂದು ಗುರುತು ಮುಂಚೆ ತಾಗುವ ಹಾಗೆ ಸರಿಸಬೇಕು. ಹಾಗೆ ಸರಿಸಿದರೆ ಡ್ರಾ ಲೆಂತ್ ಕೂಡ ಒಂಚೂರು ಗಿಡ್ಡ ಆಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಒಂದು ಗುರುತು ಸರಿಸಿ, ಕೆಲವು ದಿನ ಹೊಡೆದು ನೋಡಿ. ಹೊಸ ತೂಕಕ್ಕೆ ಮೈ ಒಗ್ಗಲು ಸಮಯ ಬೇಕು. ಮೊದಲ ದಿನ ನಡುಗಿತು ಅಂತ ವಾಪಸ್ ತಿರುಗಿಸಬೇಡಿ. ಆದರೆ ಗುಂಪಿನ ಕೊನೆಯ ಬಾಣಗಳು ಯಾವಾಗಲೂ ಕೆಳಗೆ ಬೀಳುತ್ತಿದ್ದರೆ ನಿಮಗೆ ಹೋಲ್ಡಿಂಗ್ ವೇಟ್ ಜಾಸ್ತಿ ಆಗಿದೆ. ನನ್ನ ಅಭಿಪ್ರಾಯದಲ್ಲಿ 50 ಪೌಂಡ್ ಬಿಲ್ಲು ಹಿಡಿಯುವ ಹೊಸಬರಿಗೆ 11ರಿಂದ 13 ಪೌಂಡ್ ಹೋಲ್ಡಿಂಗ್ ವೇಟ್ ಒಳ್ಳೆಯ ಆರಂಭ.

ವಾಲ್ ಸ್ಪಂಜಿನಂತೆ ಮೆತ್ತಗಿದೆ, ಅಥವಾ ಎರಡು ಸಲ ತಾಗಿದ ಹಾಗಾಗುತ್ತದೆ

ಸ್ಟಾಪ್ ಲಿಂಬ್‌ಗೆ ತಾಗುವ ಬಿಲ್ಲುಗಳಲ್ಲಿ ವಾಲ್ ಕಲ್ಲಿನಂತೆ ಗಟ್ಟಿ. ಕೇಬಲ್‌ಗೆ ತಾಗುವ ಬಿಲ್ಲುಗಳಲ್ಲಿ ಸ್ವಲ್ಪ ಮೆತ್ತಗೆ ಇರುವುದು ಸಹಜ, ಅದು ದೋಷವಲ್ಲ. ಆದರೆ ಮೊದಲು ಗಟ್ಟಿ ಇದ್ದದ್ದು ಈಗ ಮೆತ್ತಗಾಗಿದ್ದರೆ, ಅಥವಾ ಎರಡು ಹಂತದಲ್ಲಿ ತಾಗಿದರೆ, ಸ್ಟಾಪ್‌ಗಳು ಒಟ್ಟಿಗೆ ತಾಗುತ್ತಿಲ್ಲ.

ಬಾಣ ಹಾಕಿ ನಿಧಾನವಾಗಿ ಎಳೆಯಿರಿ. ಇನ್ನೊಬ್ಬರು ನಿಮ್ಮ ಹಿಂದೆ, ಪಕ್ಕಕ್ಕೆ ನಿಂತು ಮೊಬೈಲ್‌ನಲ್ಲಿ ಎರಡೂ ಕ್ಯಾಮ್ ಕಾಣುವ ಹಾಗೆ ವಿಡಿಯೋ ಮಾಡಲಿ. ಯಾರೂ ಬಿಲ್ಲಿನ ಮುಂದೆ ಬರಬಾರದು. ಒಂದು ಸ್ಟಾಪ್ ಮೊದಲು ತಾಗಿ ಇನ್ನೊಂದು ಹಿಂದೆ ಉಳಿದರೆ ಮೊದಲು ಮಾಡ್ಯೂಲ್ ಮತ್ತು ಸ್ಟಾಪ್ ಗುರುತುಗಳು ಮೇಲೆ ಕೆಳಗೆ ಒಂದೇ ಇವೆಯೇ ನೋಡಿ. ಬಹಳ ಸಲ ಅಷ್ಟರಲ್ಲೇ ಸಿಗುತ್ತದೆ. ಗುರುತು ಎಲ್ಲ ಸರಿ ಇದ್ದರೆ ಕೇಬಲ್ ಹಿಗ್ಗಿದೆ. ಹೊಸ ಹೆದೆ, ಕೇಬಲ್‌ಗಳು ಮೊದಮೊದಲು ಸ್ವಲ್ಪ ಹಿಗ್ಗುವುದು ಉಂಟು. ಏಪ್ರಿಲ್, ಮೇ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಡಿಕ್ಕಿಯಲ್ಲಿಟ್ಟ ಬಿಲ್ಲಿಗೆ ಇದು ಖಂಡಿತ ಬೇಗ ಬರುತ್ತದೆ. ಕೇಬಲ್‌ಗೆ ತಿರುಚು ಹಾಕಿ ಸರಿ ಮಾಡುವುದು ಪ್ರೆಸ್ ಇದ್ದವರ ಕೆಲಸ. ಇಲ್ಲಿಗೆ ನಿಲ್ಲಿಸಿ ಅವರ ಹತ್ತಿರ ಒಯ್ಯಿರಿ. ಮಾಡ್ಯೂಲ್‌ನ ಎರಡು ಮೆಟ್ಟಿಲುಗಳ ನಡುವಿನ ಅಳತೆ ನಿಮಗೆ ಬೇಕಿದ್ದರೆ ಅದನ್ನೂ ಅವರಿಗೇ ಹೇಳಿ. ಹೆದೆಗೆ ತಿರುಚು ಹಾಕಿದರೆ ಡ್ರಾ ಲೆಂತ್ ಒಂಚೂರು ಇಳಿಯುತ್ತದೆ, ಬಿಚ್ಚಿದರೆ ಏರುತ್ತದೆ.

ಎಲ್ಲ ಸರಿ ಮಾಡಿದ ಮೇಲೆ ಬಾಣ ಬೇರೆ ಕಡೆ ಹೋಗುತ್ತಿದೆ

ಹೋಗಲೇಬೇಕು. ಉದ್ದ ಬದಲಾದರೆ ವೇಗ ಬದಲಾಗುತ್ತದೆ. ಒಂದು ಇಂಚಿಗೆ ಸೆಕೆಂಡಿಗೆ ಸುಮಾರು 3 ಮೀಟರ್ ವ್ಯತ್ಯಾಸ. ಹೆದೆಯಲ್ಲಿ ಕೂರಿಸಿದ ನೋಡುವ ರಂಧ್ರ (ಪೀಪ್) ಕಣ್ಣಿನ ಎದುರು ಬರುವುದಿಲ್ಲ. ಕಣ್ಣು ಮುಚ್ಚಿ ಎಳೆದು, ಕೈಯನ್ನು ಅದರ ಜಾಗಕ್ಕೆ ತಂದು, ಆಮೇಲೆ ಕಣ್ಣು ಬಿಡಿ. ಪೀಪ್ ಎದುರಿಗೇ ಇರಬೇಕು. ಇಲ್ಲದಿದ್ದರೆ ಪೀಪ್ ಸರಿಸಬೇಕು, ತಲೆಯನ್ನಲ್ಲ. ಪೀಪ್ ಸರಿಸಲೂ ಹೆದೆಯ ಬಿಗಿ ಕಳೆಯಬೇಕು, ಅದೂ ಪ್ರೆಸ್ ಕೆಲಸವೇ. ಸೈಟ್ ಅನ್ನು ಹತ್ತಿರದ ದೂರದಿಂದ ಹೊಸದಾಗಿ ಹೊಂದಿಸುತ್ತಾ ಬನ್ನಿ. ಉದ್ದ, ಲೆಟ್-ಆಫ್ ಎರಡೂ ಖಾತ್ರಿ ಆಗುವ ತನಕ ಸೈಟ್‌ಗಾಗಿ ಸಮಯ ಕಳೆಯಬೇಡಿ.

ಕೂಡಲೇ ನಿಲ್ಲಿಸಬೇಕಾದ ಗುರುತುಗಳು

ಎಳೆಯುವಾಗ ಟಿಕ್ ಅಂತ ಹೊಸ ಸದ್ದು. ಲಿಂಬ್ ಮೇಲೆ ಬಿಳಿ ಗೆರೆ. ಹೆದೆಯ ನೂಲು ಕಿತ್ತಿರುವುದು, ಮೇಲಿನ ಸುತ್ತು ಬಿಚ್ಚಿ ಒಳನೂಲು ಕಾಣುವುದು. ಕ್ಯಾಮ್ ಒಂದು ಪಕ್ಕಕ್ಕೆ ವಾಲಿರುವುದು. ಇವುಗಳಲ್ಲಿ ಒಂದು ಕಂಡರೂ ಎಳೆಯಬೇಡಿ. ಲಿಂಬ್ ಮೇಲೆ ಹತ್ತಿಯ ಉಂಡೆಯನ್ನು ಮೆಲ್ಲಗೆ ಸವರಿಕೊಂಡು ಹೋಗಿ. ಬಿರುಕು ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಬರಿ ಬೆರಳಿನಿಂದ ಸವರಬೇಡಿ, ಸಿಬಿರು ಚುಚ್ಚಿದರೆ ತೆಗೆಯುವುದು ಕಷ್ಟ. ಪೂರ್ತಿ ಎಳೆದ ಸ್ಥಿತಿಯಲ್ಲಿ ಸದ್ದು ಬಂದರೆ ಬಾಣವನ್ನು ಬಟ್ರೆಸ್ ಕಡೆಗೇ ಇಟ್ಟುಕೊಂಡು ನಿಧಾನವಾಗಿ ಹೆದೆ ಇಳಿಸಿ.

ಬಾಣಗಳನ್ನೂ ನೋಡಿ. ಕಾರ್ಬನ್ ಬಾಣವನ್ನು ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟು, ಸ್ವಲ್ಪ ಬಗ್ಗಿಸಿ, ತಿರುಗಿಸುತ್ತಾ ಮತ್ತೆ ಬಗ್ಗಿಸಿ. ಚಿಟಿಚಿಟಿ ಅಂದರೆ ಅದನ್ನು ಮುರಿದು ಎಸೆಯಿರಿ.

ಭುಜ ಅಥವಾ ಮೊಣಕೈಯಲ್ಲಿ ಚುಚ್ಚುವ ನೋವು ಬಂದು ಮರುದಿನವೂ ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ. ನೋವಿನ ಮೇಲೆ ಅಳತೆ ನೋಡಿದರೆ ಅಳತೆ ತಪ್ಪೇ ಬರುತ್ತದೆ. ಮೈ ನೋವನ್ನು ತಪ್ಪಿಸಿಕೊಂಡು ನಿಲ್ಲುತ್ತದೆ.

ಪ್ರೆಸ್ ಇರುವವರನ್ನು ಹುಡುಕುವಾಗ ಮೊದಲು ನಿಮ್ಮ ಕೋಚ್‌ರನ್ನು ಕೇಳಿ. ಒಯ್ಯುವಾಗ ಕೈಪಿಡಿ, ಮೊದಲು ತೆಗೆದ ಫೋಟೋಗಳು, ನೀವು ಬಳಸುವ ರಿಲೀಸ್, ಎರಡು ಬಾಣ ಜೊತೆಗಿರಲಿ. ಎದುರಿಗೆ ನಿಂತು ಮಾಡಿಸಿಕೊಳ್ಳಿ. ನಿಮ್ಮ ಮೈ ಇಲ್ಲದೆ ಬಿಲ್ಲು ಮಾತ್ರ ಕಳಿಸಿದರೆ ಅಳತೆ ಮತ್ತೆ ಬೇರೆಯವರದ್ದೇ ಆಗುತ್ತದೆ. ಕೆಲಸ ಮುಗಿದ ಮೇಲೆ ಬೆಳ್ಳಿ ಬಣ್ಣದ ಮಾರ್ಕರ್‌ನಿಂದ ಮಾಡ್ಯೂಲ್, ಸ್ಟಾಪ್, ಲಿಂಬ್ ಬೋಲ್ಟ್‌ಗಳ ಮೇಲೆ ಒಂದೊಂದು ಗೆರೆ ಎಳೆಯಿರಿ. ಸ್ಕ್ರೂ ತಾನಾಗಿ ಸಡಿಲ ಆದರೆ ಗೆರೆ ತಪ್ಪಿರುವುದು ಕಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಸ್ಕ್ರೂ ತಲೆಗೆ ಒಂದು ಹನಿ ಮಷೀನ್ ಎಣ್ಣೆ ಹಾಕಿ, ಹೆದೆಗೆ ತಾಗದಂತೆ ಒರೆಸಿ. ಮುಂಬೈ, ಗೋವಾದಲ್ಲಿ ಕಡಲ ಉಪ್ಪು ಗಾಳಿ ಇರುವುದರಿಂದ ಇದನ್ನು ವರ್ಷವಿಡೀ ಮಾಡಬೇಕು.